ಆಟಿಯ ರಿಪೇರಿ

ಬೋಟುಗಳಿಗೆ ರಜೆ. ದಕ್ಕೆಯ ಉದ್ದಕ್ಕೂ
ಒಂದರ ಪಕ್ಕೆಗೊಂದು ಒತ್ತಿ ಕಟ್ಟಿಹಾಕಿದ್ದಾರೆ.
ಬಲೆ ಹೆಣೆಯುವವರು ಹೆಣೆಯುತ್ತಾರೆ,
ಇಂಜಿನ್ ಬಿಚ್ಚುವವರು ಬಿಚ್ಚುತ್ತಾರೆ.
ಐಸ್ ಪ್ಲಾಂಟಿನ ಆಫೀಸಿನಲ್ಲಿ ನಾನು
ಹನ್ನೊಂದು ವರ್ಷದ ಕಂಪ್ಯೂಟರಿನ ಎದುರು ಕೂತು
ಅದು ಮೂರು ಸಲ ಉದ್ದಕ್ಕೆ ಕೂಗುವುದನ್ನು ಕೇಳುತ್ತೇನೆ.
ಪರದೆ ಕಪ್ಪು.

ಕುದ್ರೋಳಿಯಿಂದ ಮಿಸ್ರಿಯಾ ಬಂದಳು,
ಖರ್ಜೂರದ ಹಳೇ ಡಬ್ಬಿ ತುಂಬ ಸ್ಕ್ರೂಡ್ರೈವರು.
ಮುಚ್ಚಳ ತೆಗೆದವಳು ಮೂಗು ಮುಚ್ಚಿದಳು.
"ಎಂತ ಸಾಲ್ಯಾನ್ರೆ, ಇದರೊಳಗೂ ಬಲೆ ಹಾಕಿದ್ದೀರಾ?"
ಫ್ಯಾನಿನ ರೆಕ್ಕೆಗೆ ಮೆತ್ತಿದ ಧೂಳಿನಲ್ಲಿ
ಬೂತಾಯಿಯ ಹುರುಪೆಯೊಂದು ಇನ್ನೂ ಹೊಳೆಯುತ್ತಿತ್ತು.
ಉಪ್ಪುಗಾಳಿ ಸ್ಕ್ರೂಗಳ ತಲೆ ತಿಂದು ಹಾಕಿತ್ತು.

ಬೆರಳುದ್ದದ ಹಸಿರು ಪಟ್ಟಿ ಕಿತ್ತು ಬೆಳಕಿಗೆ ಹಿಡಿದಳು.
"ರ‍್ಯಾಮ್. ಸತ್ತಿಲ್ಲ ಇದು, ಹಲ್ಲು ಪಾಚಿ ಕಟ್ಟಿದೆ ಅಷ್ಟೆ.
ರಬ್ಬರ್ ಉಂಟಾ?"
ಲೆಡ್ಜರಿನ ಕಾಲದ್ದೊಂದು ಡ್ರಾಯರಿನ ಮೂಲೆಯಲ್ಲಿ
ಕಲ್ಲಾಗಿ ಕೂತಿತ್ತು. ಕೊಟ್ಟೆ.
ಆ ಚಿನ್ನದ ಹಲ್ಲುಗಳನ್ನು ಒಂದೇ ದಿಕ್ಕಿಗೆ,
ಹಟ ಮಾಡುವ ಮಗುವಿನ ಗಲ್ಲ ಹಿಡಿದಂತೆ ಹಿಡಿದು, ಉಜ್ಜಿದಳು.
ಅದೇ ರಬ್ಬರಿನಿಂದ ಎಷ್ಟೋ ವರ್ಷ ನಾನು
ತಪ್ಪು ಲೆಕ್ಕ ಅಳಿಸಿದ್ದೆ,
ಒಮ್ಮೊಮ್ಮೆ ಸರಿ ಲೆಕ್ಕವನ್ನೂ,
ಧನಿ ಹೇಳಿದಾಗ.
ಈಗ ತಿಕ್ಕಿ ತಿಕ್ಕಿ ನೆನಪು ಬರಿಸುತ್ತಿತ್ತು.

ಪಕ್ಕದ ಖಾಲಿ ಸೀಳಿಗೆ ಇನ್ನೊಂದು ಪಟ್ಟಿ, ಎಂಟು ಜಿ.ಬಿ., ಹೊಸತು.
ಟಕ್ಕೆಂದು ಕೂತಿತು. ಒಂದೇ ಒಂದು ಸಣ್ಣ ಕೂಗು.
ಪರದೆ ಕಣ್ಣು ಬಿಟ್ಟಿತು.

ಹಾರ್ಡ್ ಡಿಸ್ಕು ಮಾತ್ರ ಒಳಗಿಂದ ಕೊಕ್ಕು ಬಡಿಯುತ್ತಲೇ ಇತ್ತು.
"ಇದು ಹೆಚ್ಚೆಂದರೆ ಚೌತಿವರೆಗೆ," ಅಂದಳು.
ಹೊಸದನ್ನು ತೆಗೆದು ಅಂಗೈಗೆ ಇಟ್ಟಳು.
ಬಿಸ್ಕತ್ತಿನಷ್ಟು ತೆಳು. ಕಿವಿಗೆ ಹಿಡಿದು ಅಲ್ಲಾಡಿಸಿದೆ,
ಸದ್ದೇ ಇಲ್ಲ.
ಅಷ್ಟು ಹಣ ಕೊಟ್ಟ ವಸ್ತು ಇಷ್ಟು ಸುಮ್ಮನಿದ್ದರೆ
ನಂಬುವುದು ಹೇಗೆ ಮಾರಾಯ್ರೆ?

ಕಾಪಿ ಶುರು. ಹಸಿರು ಗೆರೆ
ಅಳಿವೆ ದಾಟುವ ನಾಡದೋಣಿ,
ಒಂದಿಂಚು ಹೋಯಿತು, ನಿಂತಿತು, ಮತ್ತೆ ಹೋಯಿತು.
ಎರಡು ಚಹಾ ಆಯಿತು. ಮಿಸ್ರಿಯಾ ಮಗಳಿಗೆ ಫೋನಿನಲ್ಲೇ
ಮಗ್ಗಿ ಒಪ್ಪಿಸಿಕೊಂಡಳು.
ಎಂಬತ್ತೊಂದಕ್ಕೆ ಬಂದು ಮರಳಿಗೆ ತಾಗಿತು:
ಎರಡು ಸಾವಿರದ ಹದಿನಾರರ ನವೆಂಬರ್ ಓದಲಾಗುವುದಿಲ್ಲವಂತೆ.
ಹೋಗಲಿ ಬಿಡಿ. ನೋಣಯ್ಯ ಪುತ್ರನ್ ಬದುಕಿದ.
ಐಸಿನ ಸಾಲ, ಕರಗಿತು.

ಮಾನಿಟರಿನ ಅಂಚಿನ ಚೀಟಿ ಓದಿ ಅವಳು ನಕ್ಕಳು.
"ಬಂಗುಡೆ ಒಂದು ಎರಡು ಮೂರು!
ಇದು ಪಾಸ್‌ವರ್ಡಾ, ಏಲಮ್ಮಿನ ಕೂಗಾ?"
ನಿಜ, ಚಹಾದ ಹುಡುಗನಿಗೂ ಬಾಯಿಪಾಠ.
ಯಾರ‍್ಯಾರದೋ ಪೆನ್‌ಡ್ರೈವು ಬಂದು
ಮದುವೆ ಫೋಟೊ ಪ್ರಿಂಟು ಹಾಕಿಸಿಕೊಂಡು
ಬಿಟ್ಟುಹೋದ ವೈರಸ್ಸು ನಲವತ್ತೇಳು.
ಜರಡಿ ಹಿಡಿದಳು. ಮುಗಿದುಹೋದ ಬೇಲಿಯ ಅವಧಿಯನ್ನು
ಇನ್ನೊಂದು ವರ್ಷಕ್ಕೆ ಕಟ್ಟಿಸಿದಳು.

ಹೊರಡುವಾಗ ಇನ್ನೊಂದು ಡಿಸ್ಕು ಮೇಜಿನ ಮೇಲಿಟ್ಟು,
"ಇದರಲ್ಲಿ ಎಲ್ಲದರ ಪ್ರತಿ ಉಂಟು. ಮನೆಯಲ್ಲಿಡಿ, ಇಲ್ಲಿ ಬೇಡ.
ಅಣ್ಣ ತಮ್ಮ ಇಬ್ಬರನ್ನೂ ಒಂದೇ ಬೋಟಿಗೆ
ಹತ್ತಿಸುತ್ತಾರಾ ಯಾರಾದರೂ?"

ಮಾತಿಗೆ ಹೇಳಿದ್ದು. ಅವಳಿಗೆ ಗೊತ್ತಿರಲಿಲ್ಲ.
ನಾನು ಬಿಲ್ಲಿನ ಜಿ.ಎಸ್.ಟಿ. ನಂಬರನ್ನು
ಎರಡೆರಡು ಸಲ ಓದಿದೆ.

"ಹೊಸ ಪಾಸ್‌ವರ್ಡ್ ಹಾಕಿ ಈಗ.
ಬೇರೆಯವರಿಗೆ ಹೊಳೆಯಬಾರದು, ನಿಮಗೆ ಮರೆಯಬಾರದು."
ಮುಖ ಕಿಟಕಿಗೆ ತಿರುಗಿಸಿ ನಿಂತಳು, ಅದು ಅವಳ ಕಸುಬಿನ ಮರ್ಯಾದೆ.

ಎರಡು ಹೆಸರು, ನಡುವೆ ಒಂದು ತಾರೀಕು.
ಪರದೆಯ ಮೇಲೆ ಬರೀ ಚುಕ್ಕಿಗಳು ಕಂಡವು.
ಗಟ್ಟಿ ಇದೆ, ಅಂದಿತು ಕಂಪ್ಯೂಟರು, ಹಸಿರು ಅಕ್ಷರದಲ್ಲಿ.
ಖಚಿತಪಡಿಸಲು ಇನ್ನೊಮ್ಮೆ ಬರೆಯಿರಿ, ಅಂದಿತು.

ಇನ್ನೊಮ್ಮೆ ಬರೆದೆ.